ಬೇಕರಿ ಬೀದಿಯ ಗಾಳಿ

ನವೆಂಬರ್ 4, ಮಂಗಳವಾರ

ಯಂತ್ರ ಬಂತು. ಟಿಫನ್ ಡಬ್ಬಿಯಷ್ಟಿದೆ. ಪಟ್ಟಿ ಹಾಕಿ ಹೆಗಲಿಗೆ ನೇತುಹಾಕಿಕೊಂಡರೆ ಈ ವಯಸ್ಸಿನಲ್ಲಿ ಸ್ಕೂಲಿಗೆ ಹೊರಟವಳ ಹಾಗೆ ಕಾಣಿಸುತ್ತೇನೆ. ಗಾಳಿ ಅಳೆಯುವ ಕಚೇರಿಯ ಇಂಜಿನಿಯರಮ್ಮ ಕೂತು ಸಮಾಧಾನವಾಗಿ ಹೇಳಿಕೊಟ್ಟರು. ಒಳಗಿನ ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದಂತೆ. ಒಂದು ಬೆಳಕಿನ ಎಳೆ ಅದರಲ್ಲಿರುವ ಧೂಳಿಗೆ ತಾಗಿ ಚದುರಿದ್ದನ್ನು ನೋಡಿ ಯಂತ್ರ ಅಂಕಿ ತೋರಿಸುತ್ತದಂತೆ. ಕಸಪೊರಕೆಗೆ ಸಿಗುವ ಧೂಳಲ್ಲ, ಮೂಗಿನ ಕೂದಲನ್ನೂ ಏಮಾರಿಸಿ ಎದೆಯ ತಳಕ್ಕಿಳಿಯುವ ಧೂಳು. ಅಂಕಿ ಕಮ್ಮಿಯಾದಷ್ಟೂ ಒಳ್ಳೆಯದು.

"ಬಾಯಿಂದ ಮಾತ್ರ ಊದಬೇಡಿ ಅಮ್ಮ, ಎಲ್ಲರೂ ಮೊದಲು ಮಾಡೋದು ಅದನ್ನೇ. ವಾರಕ್ಕೊಂದು ಸಲ ಈ ಬ್ರಷ್‌ನಲ್ಲಿ ಜಾಲರಿ ಒರೆಸಿ. ಯಂತ್ರದ ಮೇಲೆ ಅನುಮಾನ ಬಂದ್ರೆ ಈ ಬಿಳಿ ಫಿಲ್ಟರ್‌ನ ಅದರ ಗಾಳಿ ಹೋಗೋ ಬಾಯಿಗೆ ಸಿಕ್ಕಿಸಿ. ಸೊನ್ನೆ ಬಂದ್ರೆ ಯಂತ್ರ ಸರಿ ಇದೆ ಅಂತ."

"ನನ್ನ ಬಾಯಿಗೂ ಒಂದು ಕೊಟ್ಟುಬಿಡಿ, ಇವಳ ಅನುಮಾನಕ್ಕೆ ಉಪಯೋಗಕ್ಕೆ ಬರುತ್ತೆ" ಅಂದರು ಇವರು. ನಗಲು ಹೋಗಿ ಕೆಮ್ಮು ಹತ್ತಿಕೊಂಡಿತು. ಕುರ್ಚಿಯ ಕೈ ಹಿಡಿದು, ಭುಜ ಎತ್ತಿ ಎತ್ತಿ ಉಸಿರೆಳೆದುಕೊಂಡರು. ಇಂಜಿನಿಯರಮ್ಮ ನನ್ನ ಮುಖ ನೋಡಿದರು. ನಾನು ಕಾಫಿ ತರಲು ಎದ್ದೆ.

ಇದೆಲ್ಲ ಮಗಳ ಕಿತಾಪತಿ. ಇವರ ಶ್ವಾಸಕೋಶ ಸವೆದಿದೆ, ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಹೊಗೆ ಕುಡಿದದ್ದರ ಫಲ, ಇನ್ನಾದರೂ ಒಳ್ಳೇ ಗಾಳಿ ಇರೋ ಕಡೆ ಇರಲಿ ಅಂತ ಡಾಕ್ಟರು ಅಂದಿದ್ದೇ ತಡ, ತನ್ನ ಊರಿಗೆ ಬಂದುಬಿಡಿ ಅಂತ ಅವಳ ಹಟ. ಇಲ್ಲಿನ ಗಾಳಿಗೇನಾಗಿದೆ ಅಂದೆ. "ಅಳೆದು ನೋಡೋಣ" ಅಂದವಳೇ, ಊರಿನ ಗಾಳಿ ಅಳೆಯಲು ಜನ ಬೇಕು ಅಂದಿದ್ದ ಆ ಕಚೇರಿಯಲ್ಲಿ ನನ್ನ ಹೆಸರು ಬರೆಸಿದಳು. ಬರೆಸಲಿ. ನಾನು ಈ ಮನೆಯ ಮುಂದಿನ ಕೋಣೆಯಲ್ಲಿ ಹುಟ್ಟಿದವಳು. ನಮ್ಮ ಬೀದಿಯ ಗಾಳಿ ಕುಡಿದೇ ಅರವತ್ತು ದಾಟಿದ್ದೇನೆ. ಯಂತ್ರವೂ ಅದನ್ನೇ ಹೇಳಲಿ, ಆಮೇಲೆ ಅವಳ ಬಾಯಿ ಮುಚ್ಚುತ್ತದೆ.

ನವೆಂಬರ್ 6, ಗುರುವಾರ

ಮೊದಲ ಸುತ್ತು ಮುಗಿಯಿತು. ಮಧ್ಯಾಹ್ನ ಊಟವಾದ ಮೇಲೆ ಹೊರಟೆ.

ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಮುಂದೆ ಬೇಕೆಂದೇ ನಿಂತೆ. ಈಗ ಅಲ್ಲಿ ಟೈಲ್ಸ್ ಮಾರುತ್ತಾರೆ. ಮಹಡಿಯ ಉದ್ದನೆಯ ಕಿಟಕಿ ಮಾತ್ರ ಹಾಗೇ ಇದೆ. ಅದರ ಹಿಂದೆ ಹನ್ನೆರಡು ಹುಡುಗಿಯರು ಸಾಲಾಗಿ ಕೂತು ಊರಿನ ದನಿಯನ್ನೆಲ್ಲ ಒಂದಕ್ಕೊಂದು ಜೋಡಿಸುತ್ತಿದ್ದೆವು. ಹೆರಿಗೆಯಾಯಿತು ಅಂತ ಕೂಗುವವರು, ಸತ್ತ ಸುದ್ದಿ ಹೇಳಲಾರದೆ ಸುಮ್ಮನೆ ಉಸಿರಾಡುವವರು. ಉಸಿರಾಟ ಕೇಳಿಯೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ಹೇಳಿಬಿಡುತ್ತಿದ್ದೆವು.

ಬಸ್ ನಿಲ್ದಾಣದಲ್ಲಿ ಅಂಕಿ ತೊಂಬತ್ತು ದಾಟಿ ಪರದೆ ಕೆಂಪಾಯಿತು. ಅದು ಗೊತ್ತಿದ್ದದ್ದೇ. ಅದೇ ಮೂರನೇ ಕಟ್ಟೆಯ ಹತ್ತಿರ ಇವರು ನನ್ನನ್ನು ಮೊದಲ ಸಲ ಬೈದದ್ದು. ಚಿಲ್ಲರೆ ತರದ ಟೆಲಿಫೋನ್ ಮಹಾರಾಣಿಯವರು ದಯವಿಟ್ಟು ಒಳಗೆ ನಡೀಬೇಕು ಅಂತ ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಕೂಗಿದ್ದರು. ಅಂಥ ಕಂಠ. ಮರುದಿನ ನಾನು ಮುಷ್ಟಿ ತುಂಬ ಬರೀ ಚಿಲ್ಲರೆಯನ್ನೇ ಕೊಟ್ಟೆ. ಆಮೇಲೆ ಮದುವೆಯಾಯಿತು.

ನಮ್ಮ ಬೀದಿಗೆ ತಿರುಗಿದರೆ ಇಪ್ಪತ್ತೆರಡು. ಹಸಿರು! ತುಪ್ಪ ಕುಡಿದಷ್ಟು ಸಂತೋಷವಾಯಿತು. ಬೇಕರಿಯ ಕಟ್ಟೆಯ ಮೇಲಿದ್ದ ಬನ್ನು "ಏನ್ ಹಲೋ, ಯಾವ ಸ್ಕೂಲು?" ಅಂದ. ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು. ಜೇಬಿನಲ್ಲಿ ಸದಾ ಬನ್ ಇರುತ್ತಿದ್ದರಿಂದ ಆ ಹೆಸರು. ನಾನು ಎಕ್ಸ್‌ಚೇಂಜ್ ಸೇರಿದಂದಿನಿಂದ ಅವನಿಗೆ ಹಲೋ. ಯಂತ್ರ ತೋರಿಸಿ, "ನಮ್ಮ ಬೀದಿ ಊರಿಗೇ ಫಸ್ಟ್ ಕಣೋ" ಅಂದೆ. ಅವನು ಖುಷಿಗೆ ಎರಡು ಬನ್ ಕಟ್ಟಿಕೊಟ್ಟ.

ನವೆಂಬರ್ 9, ಭಾನುವಾರ

ಮೂರು ದಿನವೂ ಹಸಿರು. ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ.

"ಬೆಳಗಿನ ಜಾವದ್ದು ಎಲ್ಲಮ್ಮ? ಅಪ್ಪಂಗೆ ಜಾಸ್ತಿ ಆಗೋದೇ ಆಗ."

"ಬೆಳಗಿನ ಜಾವ ಯಾರು ಬೀದಿ ಅಳೀತಾರೆ?"

"ಮಲಗೋ ಕೋಣೆ ಕಿಟಕಿಗೆ ನೇತುಹಾಕು, ಅದೇ ಅಳೆಯುತ್ತೆ."

ಹೂಂ ಅಂದೆ.

ನವೆಂಬರ್ 13, ಗುರುವಾರ

ಕಿಟಕಿಗೆ ನೇತುಹಾಕಿದ್ದೆ. ಬೆಳಗಿನ ಜಾವ ನೋಡಿದರೆ ನೂರಾ ನಲವತ್ತು! ಹೊರಗೆ ದಟ್ಟ ಮಂಜು, ಎದುರಿನ ಬೇಕರಿಯ ಬೋರ್ಡೂ ಕಾಣುತ್ತಿರಲಿಲ್ಲ. ಕಚೇರಿ ತೆರೆಯುವುದನ್ನೇ ಕಾದು ಇಂಜಿನಿಯರಮ್ಮನಿಗೆ ಫೋನ್ ಮಾಡಿದೆ. "ಮಂಜಿದ್ದಾಗ ಯಂತ್ರ ನೀರಿನ ಹನೀನೂ ಧೂಳು ಅಂತಲೇ ಎಣಿಸಿಬಿಡುತ್ತೆ ಅಮ್ಮ. ಮಂಜಿಲ್ಲದ ದಿನ ನೋಡಿ" ಅಂದರು. ಸದ್ಯ. ಹಗ್ಗ ನೋಡಿ ಹಾವು ಅಂದುಕೊಂಡ ಹಾಗಾಯಿತು.

ಇವರು ಎಂದಿನಂತೆ ನನಗಿಂತ ಮುಂಚೆ ಎದ್ದು ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಿದ್ದರು. ಮೊದಲನೇ ಬಸ್ಸಿಗೆ ಏಳುತ್ತಿದ್ದ ಅಭ್ಯಾಸ, ರಿಟೈರಾಗಿ ಇಷ್ಟು ವರ್ಷವಾದರೂ ಬಿಟ್ಟಿಲ್ಲ.

ನವೆಂಬರ್ 17, ಸೋಮವಾರ

ಮಂಜಿರಲಿಲ್ಲ. ಆಕಾಶ ಒರೆಸಿಟ್ಟ ಗಾಜಿನಂತಿತ್ತು. ಎದ್ದಾಗ ಬ್ರೆಡ್ಡಿನ ಮೊದಲ ಪರಿಮಳ ಕೋಣೆಯ ತುಂಬ ಇತ್ತು. ಈ ಪರಿಮಳವೇ ನನಗೆ ಗಡಿಯಾರ. ಚಿಕ್ಕಂದಿನಲ್ಲಿ ಚಳಿಗೆ ಹಲ್ಲು ಕಟಕಟ ಅಂದರೆ ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ಎದುರುಗಡೆಗೆ ಎತ್ತಿಕೊಂಡು ಹೋಗಿ, ಬೇಕರಿಯ ಒಲೆಬಾಯಿಯ ಮುಂದೆ ಹಿಡಿದು ನಿಲ್ಲುತ್ತಿದ್ದ. ಒಳಗೆ ಸೌದೆಯ ಕೆಂಪು, ಉದ್ದ ಹಿಡಿಯ ಹಲಗೆಯಲ್ಲಿ ಬನ್ನುವಿನ ಅಪ್ಪ ಎಳೆಯುತ್ತಿದ್ದ ಕಂದು ಬ್ರೆಡ್ಡುಗಳ ಸಾಲು. "ನೋಡು, ಸೂರ್ಯ ಇಲ್ಲೇ ಬೇಯೋದು" ಅಂತಿದ್ದ ಅಪ್ಪ. ಎಷ್ಟೋ ವರ್ಷ ನಾನದನ್ನು ನಂಬಿದ್ದೆ. ಅಪ್ಪನ ಮುಖ ಈಗ ಫೋಟೋ ನೋಡದೆ ನೆನಪಾಗುವುದಿಲ್ಲ. ಆ ವಾಸನೆ ಬಂದರೆ ಮಾತ್ರ ಬರುತ್ತದೆ, ಕಂಬಳಿಯ ಚುಚ್ಚುವಿಕೆಯ ಸಮೇತ.

ಯಂತ್ರ ನೋಡಿದೆ. ನೂರಾ ಐವತ್ತಾರು.

ಕೆಟ್ಟಿದೆ ಅಂದುಕೊಂಡೆ. ಆರಿಸಿ, ಮೇಜಿನ ಮೇಲಿಟ್ಟು ಜಾಲರಿ ಒರೆಸಿದೆ. ಜೇಡದ ಎಳೆಯೊಂದು ಸಿಕ್ಕಿತು. ಇದೇ ಕಳ್ಳ ಅಂತ ಎಷ್ಟು ಸಮಾಧಾನವಾಯಿತೋ! ಮತ್ತೆ ಹಚ್ಚಿ ಬಿಳಿ ಫಿಲ್ಟರ್ ಸಿಕ್ಕಿಸಿದೆ. ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂದು ನಿಂತಿತು. ಫಿಲ್ಟರ್ ತೆಗೆದೆ. ಏರುತ್ತ ಏರುತ್ತ ಹೋಗಿ ನೂರಾ ಐವತ್ತರ ಹತ್ತಿರ ನಿಂತಿತು.

ಯಂತ್ರಕ್ಕೆ ಏನೂ ಆಗಿಲ್ಲ.

ಹೊರಗೆ ಬಂದು ತಲೆಯೆತ್ತಿದೆ. ಬೇಕರಿಯ ಹೊಗೆಕೊಳವೆ ನಮ್ಮ ಮಲಗುವ ಕೋಣೆಯ ಕಿಟಕಿಗೆ ನೇರ ಎದುರು. ದಿನಾ ನೋಡುವ ಕೊಳವೆ. ಹೊಗೆ ನೀಲಿಯಾಗಿ ಮೆಲ್ಲಗೆ ಬೀದಿ ದಾಟಿ, ಗೊತ್ತಿರುವ ಮನೆಗೆ ಬಂದ ಹಾಗೆ ನಮ್ಮ ಮನೆಯೊಳಗೆ ಬರುತ್ತಿತ್ತು.

ನವೆಂಬರ್ 18, ಮಂಗಳವಾರ

ಯಂತ್ರವನ್ನು ಹಿಂದಿನ ಕಿಟಕಿಗೆ ಹಾಕಿದ್ದೇನೆ. ಮೂವತ್ತು. ಮನೆ ಅಂದಮೇಲೆ ಹಿಂದಿನ ಕಿಟಕಿಯೂ ಮನೆಯೇ.

ನವೆಂಬರ್ 20, ಗುರುವಾರ

ಇವತ್ತು ಬೆಳಿಗ್ಗೆ ಹಿಂದಿನ ಮೆಟ್ಟಿಲ ಮೇಲಿಂದ ಇವರು ಕರೆದರು.

"ನಿನ್ನ ಯಂತ್ರನ ಯಾಕೆ ಇಲ್ಲಿ ತಂದು ಹಾಕಿದ್ದೀಯ?"

"ಅಲ್ಲಿ ಬಿಸಿಲು ಬೀಳುತ್ತೆ."

"ಬೆಳಗಿನ ಜಾವ ಬಿಸಿಲಾ?"

ಇವರು ಪಕ್ಕದಲ್ಲಿ ಜಾಗ ಮಾಡಿದರು. ಕೂತೆ. ಮೆಟ್ಟಿಲು ತಣ್ಣಗೆ ಕೊರೆಯುತ್ತಿತ್ತು. ಇವರ ಹತ್ತಿರ ಒಂದು ದಿಂಬು, ಒಂದು ಶಾಲು, ನೀರಿನ ಲೋಟ ಇತ್ತು. ಎಲ್ಲಕ್ಕೂ ಅದರದರ ಜಾಗವಿತ್ತು, ಇವತ್ತು ನಿನ್ನೆ ಜೋಡಿಸಿದ್ದಲ್ಲ.

"ಇಲ್ಲಿ ಯಂತ್ರ ಏನನ್ನುತ್ತೆ?" ಅಂದರು.

"ಇಪ್ಪತ್ತೆಂಟು."

"ನನ್ನ ಎದೆ ಹೇಳೋದೂ ಅದನ್ನೇ. ಅವನು ಒಲೆಗೆ ಸೌದೆ ಹಾಕಿದ ಅಂದ್ರೆ ನಾನು ಎದ್ದು ಇಲ್ಲಿಗೆ ಬರ್ತೀನಿ. ಬಿಸಿಲು ಬಂದ ಮೇಲೆ ಹೊಗೆ ಮೇಲಕ್ಕೆ ಹೋಗುತ್ತೆ, ಆಗ ಒಳಗೆ."

"ಎಷ್ಟು ದಿನದಿಂದ?"

"ಮೂರು ಚಳಿಗಾಲ ಆಯ್ತೇನೋ."

"ಮೊದಲನೇ ಬಸ್ಸಿನ ಅಭ್ಯಾಸ ಅಂತಿದ್ರಿ?"

"ಅದನ್ನಂದವಳು ನೀನು. ನಾನು ಹೌದು ಅಂದೆ ಅಷ್ಟೆ." ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ಆ ವಾಸನೆ ಬಂದಾಗ ನಿದ್ದೇಲೂ ನಿನ್ನ ಮುಖ ಒಂಥರಾ ಆಗುತ್ತೆ ಕಣೇ. ಅದನ್ನ ಹಾಳು ಮಾಡೋಕೆ ಮನಸ್ಸಾಗಲಿಲ್ಲ."

ಮೂರು ಚಳಿಗಾಲ ಇವರು ಉಸಿರೆತ್ತಿಲ್ಲ. ಎಕ್ಸ್‌ಚೇಂಜಿನಲ್ಲಿ ಯಾರ್ಯಾರದೋ ಉಸಿರು ಕೇಳಿ ಸುದ್ದಿ ಹೇಳುತ್ತಿದ್ದವಳು ನಾನು.

ಯಂತ್ರವನ್ನು ಮತ್ತೆ ಮುಂದಿನ ಕಿಟಕಿಗೆ ಹಾಕಿದೆ. ಹಾಸಿಗೆಯನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಎಳೆದುಕೊಂಡೆವು.

ನವೆಂಬರ್ 26, ಬುಧವಾರ

ಆಸ್ಪತ್ರೆ. ಶನಿವಾರ ಬೆಳಗಿನ ಜಾವ ಹಿಂದಿನ ಕೋಣೆಯಲ್ಲೂ ಇವರಿಗೆ ಉಸಿರು ಸಿಗದೆ ಹೋಯಿತು, ಅವತ್ತಿನಿಂದ ಇಲ್ಲೇ. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದ್ದಾರೆ. ಮಾತಾಡಬೇಡಿ ಅಂದರೂ ನರ್ಸಿಗೆ "ಮುಂದೆ ನಡೀರಿ, ಮುಂದೆ ಜಾಗ ಇದೆ" ಅಂತ ಸನ್ನೆ ಮಾಡಿ ನಗಿಸುತ್ತಾರೆ. ನನಗೆ ನಗು ಬರಲಿಲ್ಲ.

ನವೆಂಬರ್ 29, ಶನಿವಾರ

ಮನೆಗೆ ಬಂದೆವು. ಮಗಳು ಬಂದಿದ್ದಾಳೆ. ಯಂತ್ರದ ಅಂಕಿಗಳನ್ನೆಲ್ಲ ಅವಳ ಮುಂದಿಟ್ಟೆ. ಗೆದ್ದೆ ಅಂತ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ನನ್ನ ಕೈ ಹಿಡಿದುಕೊಂಡಳು.

"ಬನ್ನು ಮಾಮನಿಗೆ ಹೇಳಿದ್ಯಾ?"

"ಏನಂತ ಹೇಳಲಿ? ಎರಡು ತಲೆಮಾರಿನ ಒಲೆ ಆರಿಸು ಅಂತಲಾ?"

"ಆರಿಸು ಅನ್ನಬೇಡ. ಇದು ಹೀಗಿದೆ ಅನ್ನು." ಆಮೇಲೆ ಪಾತ್ರೆ ಒರೆಸುತ್ತ, ಯಾವುದೋ ಮಾತಿನ ನಡುವೆ ಅಂದಳು: "ಅಪ್ಪನೂ ಒಂದು ಬೀದಿ ಬಿಟ್ಟು ಬಂದವರೇ ತಾನೇ ಅಮ್ಮ. ಮನೆಯಳಿಯ ಅಂತ ಎಲ್ಲರೂ ಆಡಿಕೊಂಡಾಗಲೂ ನಗ್ತಾನೇ ಇದ್ರು."

ಇವರ ಬೀದಿ ಹೇಗಿತ್ತು ಅಂತ ನಾನು ಯಾವತ್ತೂ ಕೇಳಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಆಶ್ಚರ್ಯದಿಂದ ನೋಡಿದರು. ಬೀದಿಯ ಕೊನೆಗೆ ಹಗ್ಗ ಹೊಸೆಯುವವರಿದ್ದರಂತೆ. ಸಂಜೆ ಹೊತ್ತಿಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹಗ್ಗ ಎಳೆದಿರುತ್ತಿದ್ದರಂತೆ. ಮಕ್ಕಳೆಲ್ಲ ಅದರ ಕೆಳಗೆ ಬಗ್ಗಿ ಬಗ್ಗಿ ಮನೆ ಸೇರಬೇಕಿತ್ತಂತೆ. ನಡುನಡುವೆ ಉಸಿರಿಗೆ ನಿಂತು ನಿಂತು ಹೇಳಿದರು. ಅನ್ನ ತಣ್ಣಗಾಗುವವರೆಗೂ ಕೇಳಿದೆ.

ಡಿಸೆಂಬರ್ 1, ಸೋಮವಾರ

ಬೇಕರಿಗೆ ಹೋದೆ. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಬನ್ನು ಮರದ ತೊಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದ. ಸುತ್ತು ಬಳಸದೆ ಹೇಳಿಬಿಟ್ಟೆ. ಕೈ ನಿಂತಿತು.

"ನನ್ನ ಒಲೆಯಿಂದ ನಿನ್ನ ಗಂಡನಿಗೆ ಕಾಯಿಲೆ ಅಂತೀಯ?"

"ಕಾಯಿಲೆ ಬಸ್ಸಿನಿಂದ ಬಂತು. ನಿನ್ನ ಹೊಗೆಯಿಂದ ಜಾಸ್ತಿ ಆಗ್ತಿದೆ."

"ಇಷ್ಟು ವರ್ಷ ನಿನ್ನ ಮೂಗಿಗೆ ಚೆನ್ನಾಗಿತ್ತಲ್ಲ ಇದೇ ಹೊಗೆ?"

"ಈಗಲೂ ಚೆನ್ನಾಗೇ ಇದೆ ಕಣೋ! ಅದಕ್ಕೇ ಸಂಕಟ."

ಯಂತ್ರವನ್ನು ಒಲೆಯ ಪಕ್ಕ ಇಟ್ಟೆ. ಇನ್ನೂರು, ಮುನ್ನೂರು, ಅದನ್ನೂ ದಾಟಿತು. ಬನ್ನು ಬಗ್ಗಿ ನೋಡಿ, "ಇದೇನು, ತೂಕ ನೋಡ್ತಿದೆಯಾ?" ಅಂದ. ಅವನ ಹೆಂಡತಿ ಮಾತ್ರ ನಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಪರದೆಯನ್ನೇ ನೋಡಿದಳು. "ಇದೇ ಜಾಗದಲ್ಲಿ ತಾನೇ ಇವರು ದಿನಾ ನಿಲ್ಲೋದು" ಅಂದಳು.

"ನೀನು ಸುಮ್ನಿರು" ಅಂದ ಬನ್ನು. ನನ್ನ ಕಡೆ ತಿರುಗಿ, "ನಮ್ಮಪ್ಪ ಒಂದೊಂದು ಇಟ್ಟಿಗೆ ಕೈಯಾರೆ ಇಟ್ಟ ಒಲೆ ಇದು. ನಿನ್ನ ಡಬ್ಬಿ ಹೇಳ್ತು ಅಂತ ಏನು ಮಾಡಲಿ?" ಅಂದ.

ನಾವಿಬ್ಬರೂ ಶಾಲೆಯಲ್ಲಿದ್ದಾಗ, ಹಳೇ ಪದ್ಯದಲ್ಲಿ 'ಬನ್ನ' ಅಂದರೆ ಕಷ್ಟ ಅಂತ ಮೇಷ್ಟ್ರು ಅರ್ಥ ಹೇಳಿದ ದಿನ ಇಡೀ ಕ್ಲಾಸು ಇವನನ್ನು ನೋಡಿ ನಕ್ಕಿತ್ತು. ಇವನೂ ನಕ್ಕಿದ್ದ. ಇವತ್ತು ಆ ಮುಖದ ಕುರುಹೂ ಇರಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಮೊದಲ ಸಲ ಅವನು "ಬರ್ತೀಯಾ ಹಲೋ" ಅನ್ನಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಬನ್ನು ಮಾತಾಡುತ್ತಿಲ್ಲ. ಬ್ರೆಡ್ ಬೇರೆ ಅಂಗಡಿಯಿಂದ ತಂದೆ. ಇವರು ಒಂದು ತುಂಡು ತಿಂದು, "ಹತ್ತಿ ಇದ್ದ ಹಾಗಿದೆ" ಅಂದರು. ಮಿಕ್ಕಿದ್ದನ್ನು ಇಬ್ಬರೂ ಮುಟ್ಟಲಿಲ್ಲ.

ಡಿಸೆಂಬರ್ 10, ಬುಧವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಬನ್ನು. ಅಂಗಡಿ ಬಿಟ್ಟು ಮನೆಗೆ ಬಂದು ಎಷ್ಟು ವರ್ಷವಾಯಿತೋ. ಇವರ ಎದುರು ಕೂತು ಮಂಡಿ ಉಜ್ಜಿಕೊಳ್ಳುತ್ತ ಮಾತು ಹುಡುಕಿದ.

"ಕಂಡಕ್ಟ್ರೇ, ನೀವು ನನಗೊಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀನು ಬನ್ ಕೊಡೋದು ನಿಲ್ಲಿಸ್ತಿದ್ದೆ" ಅಂದರು ಇವರು.

ಬನ್ನು ನಗಲು ಹೋಗಿ ಕಣ್ಣೊರೆಸಿಕೊಂಡ. ಹಸಿ ಸೌದೆ ನಿಲ್ಲಿಸಿದ್ದಾನಂತೆ. ಕೊಳವೆ ಕಟ್ಟುವವನಿಗೆ ಹೇಳಿದ್ದಾನಂತೆ, ಮೇಲಕ್ಕೆ ಇನ್ನೊಂದು ಆಳುದ್ದ ಏರಿಸುತ್ತಾನಂತೆ. "ಒಲೆ ಮಾತ್ರ ಕೇಳಬೇಡ ಹಲೋ. ಅದನ್ನ ಆರಿಸೋಕೆ ನನ್ನ ಕೈಲಾಗಲ್ಲ."

"ಕೇಳಲ್ಲ" ಅಂದೆ.

ಡಿಸೆಂಬರ್ 16, ಮಂಗಳವಾರ

ಕೊಳವೆ ಏರಿಸಿದ ದಿನ ಬೀದಿಗೆ ಬೀದಿಯೇ ತಲೆಯೆತ್ತಿ ನಿಂತಿತ್ತು. ನಾಲ್ಕು ದಿನದಿಂದ ಬೆಳಗಿನ ಜಾವ ನಾನೂ ಬನ್ನುವಿನ ಹೆಂಡತಿಯೂ ಯಂತ್ರದ ಮುಂದೆ ಕೂರುತ್ತೇವೆ. ಅವಳಿಗೆ ಜಾಲರಿ ಒರೆಸುವುದು, ಫಿಲ್ಟರ್ ಸಿಕ್ಕಿಸುವುದು ಎಲ್ಲ ಬರುತ್ತದೆ. ಗಂಡನಿಗೆ ಮೂಗು ಮುಚ್ಚುವ ಬಟ್ಟೆ ಕಟ್ಟಿಸಿದ್ದಾಳೆ. ಅವನು ಬ್ಯಾಂಕ್ ದರೋಡೆಗೆ ಹೊರಟವನ ಹಾಗೆ ಕಾಣುತ್ತಾನೆ.

ಅಂಕಿ ಎಪ್ಪತ್ತಕ್ಕೆ ಇಳಿದಿದೆ. ಅರ್ಧಕ್ಕರ್ಧ. ಇವರು, "ಸಾಕಲ್ಲ, ನನ್ನಂಥವನಿಗೆ ಎಪ್ಪತ್ತು ಅಂದ್ರೆ ಖಾಲಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕ ಹಾಗೆ. ಇಲ್ಲೇ ಇರೋಣ. ಹಿಂದಿನ ಕೋಣೆ ಇದೆ, ಮೆಟ್ಟಿಲು ಇದೆ" ಅಂದರು. ನನ್ನ ಮುಖ ನೋಡುತ್ತಲೇ ಅಂದರು.

ಇಂಜಿನಿಯರಮ್ಮನನ್ನು ಕೇಳಿದೆ. ಎಪ್ಪತ್ತು ಬೇರೆಯವರಿಗೂ ಒಳ್ಳೆಯದಲ್ಲ, ಇವರಿಗಂತೂ ಅಲ್ಲ ಅಂದರು. ಡಾಕ್ಟರೂ ಅದನ್ನೇ ಅಂದರು.

ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ, ನಿಮ್ಮ ಮನೆಯೊಳಗೆ ಬೇಡ, ಹತ್ತಿರದಲ್ಲೇ ಒಂದು ಬಾಡಿಗೆ ಮನೆ ನೋಡು ಅಂದೆ. ನೆಲಮಹಡಿ ಇರಲಿ, ಇವರಿಗೆ ಮೆಟ್ಟಿಲು ಹತ್ತೋಕಾಗಲ್ಲ. ಬೆಳಗಿನ ಜಾವ ಸುತ್ತಮುತ್ತ ಯಾರೂ ಏನೂ ಸುಡಬಾರದು, ಒಂದು ದಿನ ನೀನೇ ಹೋಗಿ ಮೂಗಿಟ್ಟು ನೋಡಿ ಬಾ. ಅವಳು ಒಂದೊಂದನ್ನೂ ತಿರುಗಿ ಹೇಳಿ ಬರೆದುಕೊಂಡಳು.

ಡಿಸೆಂಬರ್ 27, ಶನಿವಾರ

ನಾಳೆ ಹೊರಡುವುದು. ಗಂಟುಮೂಟೆ ಮುಗಿಯಿತು. ಸ್ಟೀಲ್ ಡಬ್ಬಿಗಳನ್ನು ಹಳೇ ಸೀರೆಗಳಲ್ಲಿ ಸುತ್ತಿದೆ. ಇವರ ಔಷಧಿ ಕೈಚೀಲದಲ್ಲಿ, ಮೇಲುಗಡೆಗೇ. ಬಸ್ಸಿನಲ್ಲಿ ಮುಂದಿನ ಎರಡು ಸೀಟು ಹೇಳಿದ್ದೇನೆ. ಬನ್ನುವಿನ ಹೆಂಡತಿಗೆ ಕಚೇರಿಯವರು ಬೇರೆ ಯಂತ್ರ ಕೊಟ್ಟರು. ನನ್ನದನ್ನು ಚಳಿಗಾಲ ಮುಗಿಯುವವರೆಗೆ ಅಲ್ಲೂ ಓಡಿಸಿ ಅಂದರು ಇಂಜಿನಿಯರಮ್ಮ. ಚಾರ್ಜರ್ ಮರೆಯಬಾರದು.

ಬನ್ನು ಸಂಜೆ ಬಂದು ಬಾಗಿಲಲ್ಲೇ ನಿಂತ. "ನೀನಿಲ್ಲದೆ ಬೆಳಿಗ್ಗೆ ಯಾರಿಗೋಸ್ಕರ ಬೇಯಿಸಲಿ ಹಲೋ?" ಅಂದ. ಊರಿಗೆಲ್ಲ ಬೇಯಿಸುವವನು. ಮಳೆಗಾಲದಲ್ಲಿ ಬರ್ತೀವಿ, ಆಗ ಗಾಳಿ ತೊಳೆದಿರುತ್ತೆ ಅಂದೆ.

ಮನೆಯ ಬಗ್ಗೆ ಏನಾದರೂ ಬರೆಯಬೇಕು ಅಂತ ಕೂತೆ. ಇವರು ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತು.

ಜನವರಿ 11, ಭಾನುವಾರ

ಎರಡು ವಾರ ಬರೆಯಲು ಪುರಸೊತ್ತೇ ಆಗಲಿಲ್ಲ. ಕಿಟಕಿ ಪರದೆಗೆ ಅಳತೆ ಕೊಡುವುದು, ಗ್ಯಾಸ್ ಬದಲಾಯಿಸುವುದು, ಇಲ್ಲಿನ ಡಾಕ್ಟರನ್ನು ಹಿಡಿಯುವುದು.

ಇವರು ಬೆಳಗಾಗುವವರೆಗೂ ಮಲಗುತ್ತಾರೆ. ನಾನು ಎದ್ದು ಕಾಫಿ ಮಾಡಿ ತಂದರೂ ಎಚ್ಚರವಿಲ್ಲ. ಮೊದಮೊದಲು ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಈಗ ಪಕ್ಕದ ಕೋಣೆಯಿಂದಲೇ ಕೇಳಿಸುತ್ತದೆ, ನಿಧಾನವಾಗಿ, ಸಮವಾಗಿ.

ಇವತ್ತು ಸಂಜೆ ಇಬ್ಬರೂ ಒಂದು ಸುತ್ತು ಹೊರಟೆವು. ಯಂತ್ರ ನನ್ನ ಹೆಗಲಲ್ಲಿ. ಇವರು ನೀರಿನ ಟ್ಯಾಂಕಿನವರೆಗೂ ನಿಲ್ಲದೆ ನಡೆದರು. ಅಲ್ಲಿ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದ ಅಜ್ಜಿಯೊಬ್ಬರು ಯಂತ್ರವನ್ನೂ ನಮ್ಮನ್ನೂ ಮೇಲಿಂದ ಕೆಳಗೆ ನೋಡಿದರು.

"ಅದೇನಮ್ಮ, ರೇಡಿಯೋನಾ?"

ಗಾಳಿ ಅಳೆಯೋದು ಅಂದೆ. ಗಾಳೀನೂ ಅಳೆದು ಮಾರೋ ಕಾಲ ಬಂತಾ ಅಂತ ನಕ್ಕು, "ಯಾವ ಕಡೆಯವರು ನೀವು?" ಅಂದರು.

"ಇಲ್ಲಿಯವರೇ. ಮೂಲೆಯಿಂದ ಮೂರನೇ ಮನೆ, ನೀಲಿ ಗೇಟು."

"ಓ, ಹಾಗಾದ್ರೆ ನಾಳೆ ನೀರು ಹಿಡಿದಿಟ್ಕೊಳ್ಳಿ. ಪೈಪ್ ರಿಪೇರಿ, ಏಳು ಗಂಟೆಗೆಲ್ಲ ನಿಲ್ಲಿಸ್ತಾರಂತೆ."

ದೊಡ್ಡ ಬಕೆಟ್ ತೊಳೆದಿಟ್ಟಿದ್ದೇನೆ. ಬೇಗ ಏಳಬೇಕು. ನಮ್ಮ ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ನೀರು ದಾರದಷ್ಟು ಸಣ್ಣಗೆ ಬರುತ್ತದೆ.